ಎಸ್‌ಯು ಕಾರ್ಬುರೇಟರ್ ರಿಪೇರಿ ಕಿಟ್: 1967ರ ಎಂಜಿಬಿಯಲ್ಲಿ ಬಳಸಿ ನೋಡಿದ ಮೇಲೆ

ಬ್ರಿಟನ್ನಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಎಸ್‌ಯು ಕಾರ್ಬುರೇಟರ್‌ನ (ಎಂಜಿನ್‌ಗೆ ಹೋಗುವ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ರಿಪೇರಿ ಕಿಟ್ ಇವತ್ತಲ್ಲ ನಾಳೆ ಬೇಕಾಗುವ ಸಾಮಾನು. ನನ್ನ 1967ರ ಎಂಜಿಬಿ ರೋಡ್‌ಸ್ಟರ್‌ಗೆ ಈ ಕಿಟ್ ಹಾಕಿ, ಜೊತೆಗೆ ಕಾರ್ಬುರೇಟರ್ ಬಾಡಿಗಳಿಗೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹೊಸ ಬುಷ್ (ಸರಳು ತಿರುಗುವ ರಂಧ್ರಕ್ಕೆ ಹಾಕುವ ಲೋಹದ ಬಳೆ) ಕೂರಿಸಿಕೊಂಡು, ಒಂದು ಬೇಸಿಗೆ ಮತ್ತು ಒಂದು ಚಳಿಗಾಲ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುವುದಾದರೆ, ಕಿಟ್ ಒಳ್ಳೆಯದು, ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಆ ರಂಧ್ರಗಳು ಸವೆದಿರುವ ಕಾರ್ಬುರೇಟರ್‌ಗೆ ಬರೀ ಕಿಟ್ ಹಾಕಿದರೆ ಅದರ ಅರ್ಧ ಪ್ರಯೋಜನವೂ ಸಿಗುವುದಿಲ್ಲ. ಕಿಟ್ ಕೊಳ್ಳುವವರು ಹೆಚ್ಚಾಗಿ ಈ ಕಡೆ ಗಮನ ಕೊಡುವುದಿಲ್ಲವಾದ್ದರಿಂದ ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಂಜಿಬಿಯನ್ನು ನೋಡಿರದ ಓದುಗರಿಗಾಗಿ ಎರಡು ಮಾತು. ಆಕ್ಸ್‌ಫರ್ಡ್‌ಗೆ ಹತ್ತಿರದ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರು, ಜಿಟಿ ಮಾದರಿಯನ್ನೂ ಸೇರಿಸಿದರೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದಿದ್ದರಿಂದ ಅದರ ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ. ಇದರ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬಕ್ಕೆ ಸೇರಿದ್ದು. ನಮ್ಮ ಅಂಬಾಸಿಡರ್‌ನಲ್ಲಿ ಬಹುಕಾಲ ಇದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಕುಟುಂಬದ್ದು. ಒಂದು ಕಡೆ ಎರಡೂ ಮ್ಯಾನಿಫೋಲ್ಡ್, ಇನ್ನೊಂದು ಕಡೆ ಪ್ಲಗ್ ಮತ್ತು ಡಿಸ್ಟ್ರಿಬ್ಯೂಟರ್ ಇರುವ ಈ ಎಂಜಿನ್‌ನ ಜೋಡಣೆ ಅಂಬಾಸಿಡರ್‌ನ ಬಾನೆಟ್ ಎತ್ತಿ ನೋಡಿದವರಿಗೆ ಹೊಸದೆನಿಸುವುದಿಲ್ಲ. ಎಂಜಿಬಿಯ ವಿಶೇಷವೆಂದರೆ ಒಂದೂವರೆ ಇಂಚಿನ ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್‌ಗಳು ಜೋಡಿಯಾಗಿ ಕೆಲಸ ಮಾಡುವುದು.

ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಪಾದರಕ್ಷೆ ವ್ಯಾಪಾರದ ಮನೆತನದ ಸ್ಕಿನ್ನರ್ ಸಹೋದರರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ ಈ ಸಾಧನದ ತತ್ತ್ವ ಸರಳವಾಗಿದೆ. ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅದಕ್ಕೆ ತಕ್ಕಂತೆ ಒಳಗಿನ ಪಿಸ್ಟನ್ ಮೇಲೇರುತ್ತದೆ. ಪಿಸ್ಟನ್‌ಗೆ ಅಂಟಿಕೊಂಡ, ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವ ನೀಡಲ್ (ಸೂಜಿ) ಪೆಟ್ರೋಲ್ ಬರುವ ರಂಧ್ರವಾದ ಜೆಟ್‌ನಿಂದ ಮೇಲೆದ್ದಷ್ಟೂ ಪೆಟ್ರೋಲ್‌ಗೆ ಹೆಚ್ಚು ದಾರಿ ಸಿಗುತ್ತದೆ. ಬೇರೆ ಕಾರ್ಬುರೇಟರ್‌ಗಳಲ್ಲಿ ಇರುವಂತೆ ಐಡಲಿಂಗ್‌ಗೆ (ಕಾರು ನಿಂತಿರುವಾಗಿನ ಎಂಜಿನ್ ಓಟ) ಒಂದು ಜೆಟ್, ವೇಗಕ್ಕೆ ಇನ್ನೊಂದು, ಮೇಲೆ ಒಂದು ಪಂಪ್ ಎಂಬ ರಗಳೆ ಇಲ್ಲ. ಒಂದೇ ಜೆಟ್, ಒಂದೇ ನೀಡಲ್. ಹೀಗಾಗಿ ಇವೆರಡರಲ್ಲಿ ಯಾವುದು ಸವೆದರೂ ಎಂಜಿನ್‌ನ ಎಲ್ಲ ವೇಗಗಳಲ್ಲೂ ಅದರ ಪರಿಣಾಮ ಗೊತ್ತಾಗುತ್ತದೆ, ಮತ್ತು ಇವೆರಡನ್ನು ಹೊಸದಾಗಿ ಹಾಕುವ ಕಿಟ್‌ಗೆ ಇಷ್ಟು ಬೇಡಿಕೆ ಇರುವುದಕ್ಕೆ ಕಾರಣವೂ ಅದೇ.

ನನ್ನ ಕಾರಿನ ತೊಂದರೆ ಎಲ್ಲರಿಗೂ ಗೊತ್ತಿರುವಂಥದ್ದೇ. ಬಿಸಿಯಾದ ಮೇಲೆ ಐಡಲಿಂಗ್ ಏರಿಳಿಯುತ್ತಿತ್ತು, ಸಿಗ್ನಲ್‌ನಲ್ಲಿ ಒಮ್ಮೊಮ್ಮೆ ನಿಂತುಹೋಗುತ್ತಿತ್ತು, ದೂರ ಓಡಿಸಿ ಬಂದು ಪ್ಲಗ್ ಬಿಚ್ಚಿದರೆ ಮಸಿ ಹಿಡಿದಿರುತ್ತಿತ್ತು. ಇಂಥ ಲಕ್ಷಣ ಕಂಡ ಕೂಡಲೇ ಕಾರ್ಬುರೇಟರ್‌ಗೆ ಕೈ ಹಾಕಬಾರದು ಎಂದು ಹಳೆಯ ಮೆಕ್ಯಾನಿಕ್‌ಗಳು ಹೇಳುವುದು ಸರಿಯಾದ ಮಾತು. ಟ್ಯಾಪೆಟ್ ಅಂತರ 0.015 ಇಂಚು ಇದೆಯೇ, ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ಸ್ ಅಂತರ 0.014ರಿಂದ 0.016 ಇಂಚಿನೊಳಗೆ ಇದೆಯೇ, ಟೈಮಿಂಗ್ ಸರಿಯಿದೆಯೇ, ಇವನ್ನೆಲ್ಲ ನೋಡಿ ಮುಗಿಸಿದ ಮೇಲೂ ತೊಂದರೆ ಉಳಿದಿದ್ದರಿಂದ ಕಿಟ್ ತರಿಸಿದೆ.

ಪೂರ್ಣ ಕಿಟ್ ಎಂದರೆ ಎರಡು ಕಾರ್ಬುರೇಟರ್‌ಗೂ ಸಾಕಾಗುವಷ್ಟು ಜೆಟ್, ನೀಡಲ್, ಜೆಟ್ ಬೇರಿಂಗ್, ಫ್ಲೋಟ್ ಚೇಂಬರ್‌ನ (ಪೆಟ್ರೋಲ್ ತುಂಬಿಕೊಳ್ಳುವ ಬಟ್ಟಲು) ನೀಡಲ್ ವಾಲ್ವ್, ಥ್ರಾಟಲ್ ಸ್ಪಿಂಡಲ್ ಮತ್ತು ಡಿಸ್ಕ್ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ ಮತ್ತು ಅದರ ಸರಳು), ಅದರ ಸ್ಕ್ರೂಗಳು, ಗ್ಯಾಸ್ಕೆಟ್ ಹಾಗೂ ವಾಷರ್‌ಗಳ ಗೊಂಚಲು. ಇಂದು ಎಸ್‌ಯು ಹೆಸರಿನ ಭಾಗಗಳು ಸಾಲ್ಸ್‌ಬರಿಯ ಬರ್ಲೆನ್ ಕಂಪನಿಯಿಂದ ಬರುತ್ತವೆ. ನಾನು ತರಿಸಿದ್ದು ಆ ಹೆಸರಿನ ಕಿಟ್ಟೇ. ಬೆಲೆ ನೂರಾರು ಪೌಂಡುಗಳಾದರೂ ಹೊಸ ಕಾರ್ಬುರೇಟರ್ ಜೋಡಿಯ ಬೆಲೆಗೆ ಹೋಲಿಸಿದರೆ ಅದು ಸಣ್ಣ ಪಾಲು. ಪ್ಯಾಕೆಟ್ ಬಿಚ್ಚಿದಾಗ ನಾನು ಮೊದಲು ನೋಡಿದ್ದು ನೀಡಲ್‌ನ ಮೇಲಿನ ಗುರುತು. 1967ರ ಕಾರಿಗೆ ಬೇಕಾದ ನೀಡಲ್ ಸಂಖ್ಯೆ 5. ನಂತರದ ಎಂಜಿನ್‌ಗಳಿಗೆ ಎಫ್‌ಎಕ್ಸ್ ಎಂಬ ಬೇರೆ ನೀಡಲ್ ಇದೆ. ನೀಡಲ್‌ನ ಬುಡದಲ್ಲಿ, ಅಕ್ಕಿಕಾಳಿನಷ್ಟೂ ಇಲ್ಲದ ಜಾಗದಲ್ಲಿ, ಆ ಸಂಖ್ಯೆ ಕೊರೆದಿರುವುದನ್ನು ಭೂತಗನ್ನಡಿ ಹಿಡಿದು ಓದಬೇಕು. ಕಾರಿನ ಹಿಂದಿನ ಮಾಲೀಕರು ಯಾವ ನೀಡಲ್ ಹಾಕಿದ್ದರೆಂಬುದನ್ನೂ ಇಲ್ಲೇ ಪರೀಕ್ಷಿಸಬಹುದು. ಹಳೆಯ ನೀಡಲ್ ಮತ್ತು ಹೊಸದನ್ನು ಪಕ್ಕಪಕ್ಕ ಬೆಳಕಿಗೆ ಹಿಡಿದಾಗ ಹಳೆಯದರ ಒಂದು ಪಕ್ಕದಲ್ಲಿ ಉದ್ದಕ್ಕೂ ಹೊಳೆಯುವ ಪಟ್ಟಿ ಕಾಣಿಸಿತು. ಜೆಟ್‌ಗೆ ಉಜ್ಜಿ ಉಜ್ಜಿ ಆದ ಸವೆತ ಅದು, ಮತ್ತು ಜೆಟ್‌ನ ರಂಧ್ರವೂ ಅದೇ ಪ್ರಕಾರ ಗುಂಡಗಿರುವ ಬದಲು ಉದ್ದುದ್ದವಾಗಿತ್ತು.

ಮುಂದಿನ ಮತ್ತು ಹಿಂದಿನ ಕಾರ್ಬುರೇಟರ್‌ಗಳ ಜೆಟ್‌ಗಳು ಒಂದೇ ಅಲ್ಲ ಎಂಬುದು ಈ ಕೆಲಸಕ್ಕೆ ಹೊಸಬರಾದವರು ನೆನಪಿಟ್ಟುಕೊಳ್ಳಬೇಕಾದ ವಿಷಯ. ಕಿಟ್‌ನಲ್ಲಿ ಎರಡೂ ಬೇರೆ ಬೇರೆಯಾಗಿಯೇ ಬಂದಿದ್ದವು. ಜೆಟ್‌ಗೆ ಸೇರಿಕೊಂಡಂತೆ ಬರುವ ಪ್ಲಾಸ್ಟಿಕ್ ಟ್ಯೂಬ್ ಫ್ಲೋಟ್ ಚೇಂಬರ್‌ನ ತಳಕ್ಕೆ ಹೋಗಿ ಸಣ್ಣ ರಬ್ಬರ್ ಗ್ಲ್ಯಾಂಡ್‌ನ ಮೇಲೆ ಕೂರುತ್ತದೆ. ಹೆಸರಿಲ್ಲದ ಅಗ್ಗದ ಕಿಟ್‌ಗಳ ಗುಣಮಟ್ಟ ತಿಳಿಯುವುದು ಈ ಗ್ಲ್ಯಾಂಡ್‌ನಲ್ಲೇ. ಪರಿಚಯದವರೊಬ್ಬರು ಅಂಥದೊಂದನ್ನು ಕೊಂಡಿದ್ದರು; ಅದರ ಗ್ಲ್ಯಾಂಡ್ ಕೆಲವೇ ವಾರಗಳಲ್ಲಿ ಗಟ್ಟಿಯಾಗಿ ಪೆಟ್ರೋಲ್ ಜಿನುಗತೊಡಗಿತು, ಮತ್ತು ಆ ಜಿನುಗು ಬೀಳುವುದು ನೇರವಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವ ಕಡೆಗೆ. ಉಳಿದ ಯಾವುದರಲ್ಲಿ ಹಣ ಉಳಿಸಿದರೂ ಇದರಲ್ಲಿ ಉಳಿಸಬಾರದು.

ಇನ್ನು ಬುಷ್ ವಿಚಾರ. ಥ್ರಾಟಲ್ ಸ್ಪಿಂಡಲ್ 5/16 ಇಂಚಿನ ಹಿತ್ತಾಳೆ ಸರಳು. ಅದು ತಿರುಗುವುದು ಅಲ್ಯೂಮಿನಿಯಂ ಬಾಡಿಯ ರಂಧ್ರಗಳಲ್ಲಿ. ಅರ್ಧ ಶತಮಾನ ಕಾಲ ಆಕ್ಸಿಲರೇಟರ್ ಎಳೆದಾಗಲೆಲ್ಲ ಸ್ಪ್ರಿಂಗ್ ಅದನ್ನು ಒಂದೇ ದಿಕ್ಕಿಗೆ ಜಗ್ಗಿರುವುದರಿಂದ ಸರಳೂ ಸವೆಯುತ್ತದೆ, ರಂಧ್ರವೂ ಸವೆಯುತ್ತದೆ. ಆ ಸಂದಿಯಲ್ಲಿ ಒಳಗೆ ನುಗ್ಗುವ ಗಾಳಿಗೆ ಪಿಸ್ಟನ್‌ನ ಲೆಕ್ಕವಿಲ್ಲ. ಥ್ರಾಟಲ್ ಮುಚ್ಚಿದ್ದಾಗ ಎಂಜಿನ್‌ಗೆ ಬೇಕಾದ ಗಾಳಿಯೇ ಸ್ವಲ್ಪವಾದ್ದರಿಂದ ಈ ಕಳ್ಳಗಾಳಿ ಅದರಲ್ಲಿ ದೊಡ್ಡ ಪಾಲಾಗಿ ಮಿಶ್ರಣ ತೆಳುವಾಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಐಡಲಿಂಗ್ ಕುಂಟುತ್ತದೆ. ಕಾರಿನ ಮಾಲೀಕರು ಅದನ್ನು ಸರಿಪಡಿಸಲು ಜೆಟ್‌ನ ನಟ್ ಕೆಳಗೆ ತಿರುಗಿಸಿ ಪೆಟ್ರೋಲ್ ಹೆಚ್ಚಿಸುತ್ತಾರೆ. ಐಡಲಿಂಗ್ ಒಂದಿಷ್ಟು ಸುಧಾರಿಸುತ್ತದೆ. ಆದರೆ ಹೆದ್ದಾರಿಯಲ್ಲಿ ಥ್ರಾಟಲ್ ತೆರೆದಾಗ ಕಳ್ಳಗಾಳಿಯ ಪಾಲು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆಯಾಗುವುದರಿಂದ, ಹೆಚ್ಚಿಸಿದ ಪೆಟ್ರೋಲ್ ಮಾತ್ರ ಉಳಿದು ಪ್ಲಗ್‌ಗಳು ಕಪ್ಪಾಗುತ್ತವೆ. ನನ್ನ ಕಾರಿನ ಎರಡು ವಿರುದ್ಧ ಲಕ್ಷಣಗಳಿಗೂ ಮೂಲ ಇದೊಂದೇ. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಸ್ಪಿಂಡಲ್‌ನ ತುದಿಗಳಿಗೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇಯನ್ನು ಚೂರೇ ಚೂರು ಹೊಡೆದು ನೋಡಬಹುದು. ಎಂಜಿನ್‌ನ ಸದ್ದು ಬದಲಾದರೆ ಅಲ್ಲಿ ಸಂದಿ ಇದೆಯೆಂದು ಅರ್ಥ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವುದರಿಂದ ಧಾರಾಳ ಬೇಡ.

ಕಿಟ್‌ನ ಹೊಸ ಸ್ಪಿಂಡಲ್ ಸವೆದ ಸರಳಿನ ಜಾಗ ತುಂಬುತ್ತದೆಯೇ ಹೊರತು ಸವೆದ ರಂಧ್ರವನ್ನಲ್ಲ. ಇದಕ್ಕೆ ಇರುವ ದಾರಿಗಳು ಎರಡು: 0.010 ಇಂಚು ದಪ್ಪ ಹೆಚ್ಚಿರುವ ಸ್ಪಿಂಡಲ್ ತರಿಸಿ ರಂಧ್ರವನ್ನು ರೀಮರ್‌ನಿಂದ ಅದಕ್ಕೆ ಹೊಂದಿಸುವುದು, ಇಲ್ಲವೇ ರಂಧ್ರವನ್ನು ದೊಡ್ಡದಾಗಿ ಕೊರೆದು ಕಂಚಿನ ಬುಷ್ ಕೂರಿಸಿ ಮಾಮೂಲಿ ಅಳತೆಗೇ ತರುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಎರಡೂ ಕಡೆಯ ಬುಷ್‌ಗಳು ಒಂದೇ ರೇಖೆಯಲ್ಲಿ ಕೂರದಿದ್ದರೆ ಸ್ಪಿಂಡಲ್ ಬಿಗಿಯಾಗುತ್ತದೆ. ಮನೆಯ ಡ್ರಿಲ್‌ನಲ್ಲಿ ಮಾಡುವ ಕೆಲಸ ಇದಲ್ಲ.

ವರ್ಕ್‌ಶಾಪಿನವರ ಕೆಲಸದಲ್ಲಿ ಮುಖ್ಯ ಭಾಗಕ್ಕೆ ಹೆಸರಿಡುವಂತಿಲ್ಲ. ಬಾಡಿಗಳು ಹಿಂತಿರುಗಿ ಬಂದಾಗ ಸ್ಪಿಂಡಲ್ ಬೆರಳ ತುದಿಯಲ್ಲಿ ತಿರುಗುತ್ತಿತ್ತು, ಮೇಲೆ ಕೆಳಗೆ ಅಲುಗಿಸಿದರೆ ಕಿಂಚಿತ್ತೂ ಆಟವಿರಲಿಲ್ಲ, ಡಿಸ್ಕ್ ಮುಚ್ಚಿ ದೀಪಕ್ಕೆ ಹಿಡಿದರೆ ಅಂಚಿನ ಸುತ್ತ ಬೆಳಕಿನ ಗೆರೆ ಕಾಣಿಸಲಿಲ್ಲ. ಡಿಸ್ಕ್‌ನ ಸ್ಕ್ರೂಗಳ ಸೀಳು ತುದಿಗಳನ್ನು ಅಗಲಿಸಿ ಭದ್ರಪಡಿಸಿದ್ದರು. ಅವು ಸಡಿಲವಾಗಿ ಬಿದ್ದರೆ ಹೋಗುವುದು ನೇರ ಸಿಲಿಂಡರ್‌ಗೆ. ಆದರೆ ಅವರು ಹೇಳಿದ ಅವಧಿಗಿಂತ ಬಹಳ ತಡವಾಯಿತು, ಮತ್ತು ನಡುವೆ ಫೋನ್ ಮಾಡಿದರೆ ಸರಿಯಾದ ಉತ್ತರ ಸಿಗಲಿಲ್ಲ. ಅದಕ್ಕಿಂತ ದೊಡ್ಡ ದೂರೆಂದರೆ, ಬಾಡಿಗಳನ್ನು ಸಣ್ಣ ಗಾಜಿನ ಮಣಿಗಳ ರಭಸದಿಂದ ಉಜ್ಜಿ ಬೆಳ್ಳಗೆ ಮಾಡಿ ಕಳಿಸಿದ್ದರಾದರೂ ಒಳದಾರಿಗಳನ್ನು ಪೂರ್ತಿಯಾಗಿ ತೊಳೆದಿರಲಿಲ್ಲ. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಕೂರುವ ಸಣ್ಣ ರಂಧ್ರಕ್ಕೆ ಗಾಳಿ ಊದಿದಾಗ ಒಂದಷ್ಟು ಮಣಿಗಳು ಹೊರಗೆ ಉದುರಿದವು. ಅವು ಎಂಜಿನ್ ಒಳಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಸೇವೆ ಪಡೆಯುವ ಯಾರೇ ಆಗಲಿ, ಬಾಡಿ ಎಷ್ಟೇ ಹೊಸದಾಗಿ ಕಂಡರೂ, ಪ್ರತಿಯೊಂದು ರಂಧ್ರವನ್ನೂ ಕಂಪ್ರೆಸರ್ ಗಾಳಿಯಿಂದ ಊದಿದ ನಂತರವೇ ಜೋಡಿಸಬೇಕು.

ಜೋಡಣೆಯಲ್ಲಿ ತಾಳ್ಮೆ ಬೇಡುವುದು ಜೆಟ್ ಮಧ್ಯಕ್ಕೆ ಕೂರಿಸುವ ಹಂತ. ನನ್ನ ಕಾರಿನ ಕಾಲದ ನೀಡಲ್ ಪಿಸ್ಟನ್‌ಗೆ ಅಲುಗದಂತೆ ಬಿಗಿದಿರುವುದರಿಂದ ಜೆಟ್ ಸರಿಯಾಗಿ ಅದರ ನೇರಕ್ಕೇ ಇರಬೇಕು. ಸ್ಪ್ರಿಂಗ್ ಒತ್ತಡದಲ್ಲಿ ವಾಲಿ ನಿಲ್ಲುವ ನಂತರದ ಬಗೆಯ ನೀಡಲ್‌ಗಳಿಗೆ ಈ ಕೆಲಸವಿಲ್ಲ. ಜೆಟ್ ಬೇರಿಂಗ್‌ನ ದೊಡ್ಡ ನಟ್ ಸಡಿಲ ಬಿಟ್ಟು, ಪಿಸ್ಟನ್ ಅನ್ನು ಮೇಲಿನಿಂದ ಒತ್ತಿ, ನಟ್ ಬಿಗಿದು, ಪಿಸ್ಟನ್ ಎತ್ತಿ ಬಿಟ್ಟಾಗ ಅದು ಲೋಹಕ್ಕೆ ಲೋಹ ತಾಗಿದ 'ಟಕ್' ಎಂಬ ಸದ್ದಿನೊಡನೆ ಕೂರಬೇಕು. ಜೆಟ್ ಮೇಲಿದ್ದಾಗಲೂ ಕೆಳಗಿದ್ದಾಗಲೂ ಅದೇ ಸದ್ದು ಬರಬೇಕು. ಕೆಳಗಿದ್ದಾಗ ಸದ್ದು ಗಟ್ಟಿಯಾಗಿ, ಮೇಲಿದ್ದಾಗ ಮಂದವಾಗಿ ಬಂದರೆ ಮತ್ತೆ ಮೊದಲಿನಿಂದ. ಹೊಸ ಜೆಟ್ ಬೇರಿಂಗ್‌ಗಳು ಇಲ್ಲಿ ಹಿಡಿಯದೆ ಸರಾಗವಾಗಿ ಹೊಂದಿಕೊಂಡವು, ಕಿಟ್‌ಗೆ ನಾನು ಪೂರ್ಣ ಅಂಕ ಕೊಡುವುದು ಈ ಕಾರಣಕ್ಕೆ. ಫ್ಲೋಟ್ ಚೇಂಬರ್‌ನ ಹೊಸ ವಾಲ್ವ್‌ಗಳ ಪರೀಕ್ಷೆಗೆ ಬೇರೆ ಉಪಕರಣ ಬೇಡ. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ತಿರುಗಿಸಿದರೆ ಕಾರಿನ ಹಿಂಭಾಗದಲ್ಲಿರುವ ಎಸ್‌ಯು ಪೆಟ್ರೋಲ್ ಪಂಪ್ ಟಿಕ್ ಟಿಕ್ ಎಂದು ಬಡಿದು, ಚೇಂಬರ್‌ಗಳು ತುಂಬಿದ ಮೇಲೆ ಸುಮ್ಮನಾಗಬೇಕು. ಸುಮ್ಮನಾಗದಿದ್ದರೆ ವಾಲ್ವ್ ಮುಚ್ಚಿಲ್ಲ, ಇಲ್ಲವೇ ಎಲ್ಲೋ ಸೋರುತ್ತಿದೆ.

ಟ್ಯೂನಿಂಗ್‌ಗೆ ಜೆಟ್ ಅನ್ನು ಪಿಸ್ಟನ್ ಕೂರುವ ಅಂಚಿನ ಮಟ್ಟಕ್ಕೆ ತಂದು ಅಲ್ಲಿಂದ ಹನ್ನೆರಡು ಫ್ಲಾಟ್, ಅಂದರೆ ನಟ್‌ನ ಎರಡು ಸುತ್ತು ಕೆಳಗೆ ಇಳಿಸಿ ಆರಂಭಿಸಬೇಕು. ಎರಡರ ಗಾಳಿಯನ್ನೂ ರಬ್ಬರ್ ಟ್ಯೂಬ್ ಕಿವಿಗಿಟ್ಟು, ಸುಯ್ಯೆನ್ನುವ ಸದ್ದು ಸಮವಾಗುವವರೆಗೆ ಹೊಂದಿಸಿ, ಆಮೇಲೆ ಲಿಫ್ಟಿಂಗ್ ಪಿನ್‌ನಿಂದ ಪಿಸ್ಟನ್ ಅನ್ನು ಸುಮಾರು 1/32 ಇಂಚು ಎತ್ತಿ ನೋಡಬೇಕು. ವೇಗ ಹೆಚ್ಚಾಗಿ ಹಾಗೇ ನಿಂತರೆ ಮಿಶ್ರಣ ಗಟ್ಟಿ, ಎಂಜಿನ್ ಮುಗ್ಗರಿಸಿದರೆ ತೆಳು, ಕ್ಷಣಕಾಲ ಏರಿ ಇಳಿದರೆ ಸರಿ. ಮೊದಲು ಎಷ್ಟು ಸಲ ಹೊಂದಿಸಿದರೂ ಮರುದಿನ ಬದಲಾಗುತ್ತಿದ್ದ ಈ ಲೆಕ್ಕ, ಬುಷ್ ಕೆಲಸದ ನಂತರ ಒಮ್ಮೆ ಕೂತದ್ದು ಇವತ್ತಿಗೂ ಕದಲಿಲ್ಲ. ಐಡಲಿಂಗ್ ನಿಮಿಷಕ್ಕೆ 800 ಸುತ್ತುಗಳ ಆಸುಪಾಸಿನಲ್ಲಿ ಸ್ಥಿರವಾಗಿದೆ, ಪ್ಲಗ್‌ಗಳು ತಿಳಿ ಕಂದು ಬಣ್ಣಕ್ಕೆ ಬಂದಿವೆ. ಪಿಸ್ಟನ್‌ನ ಚಲನೆಯನ್ನು ನಿಧಾನಿಸುವ ಎಣ್ಣೆಯ ಕೊಳವೆಯಾದ ಡ್ಯಾಶ್‌ಪಾಟ್‌ಗೆ 20 ಗ್ರೇಡ್ ಎಂಜಿನ್ ಆಯಿಲ್ ಹಾಕಿದರೆ ಸಾಕು.

ಪೆಟ್ರೋಲ್ ವಿಚಾರವನ್ನೂ ಇದರೊಂದಿಗೆ ಹೇಳಬೇಕು. ಗ್ರೇಟ್ ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಶೇಕಡಾ 10ರವರೆಗೆ ಎಥನಾಲ್ ಬೆರೆತ ಇ10. ಹಳೆಯ ರಬ್ಬರ್ ಪೈಪ್‌ಗಳನ್ನು ಅದು ಒಳಗಿಂದ ಮೆತ್ತಗಾಗಿಸುತ್ತದೆ ಇಲ್ಲವೇ ಬಿರುಕು ಬಿಡಿಸುತ್ತದೆ, ಆ ಚೂರುಗಳು ಬಂದು ಕೂರುವುದು ಹೊಸದಾಗಿ ಹಾಕಿದ ನೀಡಲ್ ವಾಲ್ವ್‌ನ ಬಾಯಲ್ಲಿ. ಕಿಟ್‌ನಲ್ಲಿ ಪೈಪ್‌ಗಳು ಇರುವುದಿಲ್ಲ. ಎಥನಾಲ್ ತಡೆಯುವ ಪೈಪ್‌ಗಳನ್ನು ಬೇರೆಯಾಗಿ ಕೊಂಡು ಟ್ಯಾಂಕ್‌ನಿಂದ ಕಾರ್ಬುರೇಟರ್‌ವರೆಗೆ ಒಮ್ಮೆಗೇ ಬದಲಿಸುವುದು ಮೇಲು. 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡದ ಕಾರುಗಳಿಗೆ 2018ರ ಮೇ ತಿಂಗಳಿಂದ ಇಲ್ಲಿ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ, ಆದ್ದರಿಂದ ಸೋರುವ ಪೈಪ್ ಅನ್ನು ನಿಮ್ಮ ಬದಲು ನೋಡಿ ಹೇಳುವವರು ಯಾರೂ ಇಲ್ಲ.

ಸ್ಪಿಂಡಲ್ ಅಲುಗಿಸಿ ನೋಡಿ ಆಟವಿಲ್ಲದಿದ್ದರೆ ಕಿಟ್ ಒಂದೇ ಸಾಕು, ಒಂದು ವಾರಾಂತ್ಯದ ಕೆಲಸ. ಆಟವಿದ್ದರೆ ಬುಷ್ ಕೆಲಸ ಮೊದಲು, ಕಿಟ್ ಆಮೇಲೆ; ಎರಡಕ್ಕೂ ಒಟ್ಟಿಗೆ ಕೊಡುವಷ್ಟು ಹಣ ಸದ್ಯಕ್ಕಿಲ್ಲದಿದ್ದರೂ ಈ ಕ್ರಮ ಬದಲಿಸಬೇಡಿ. ವರ್ಕ್‌ಶಾಪಿಗೆ ಕಳಿಸುವಾಗ ಬಾಡಿಗಳನ್ನಷ್ಟೇ ಕಳಿಸಿ. ಪಿಸ್ಟನ್ ಮತ್ತು ಅದರ ಮೇಲಿನ ಚೇಂಬರ್ ಕಾರ್ಖಾನೆಯಲ್ಲೇ ಜೋಡಿಯಾಗಿ ಹೊಂದಿಸಿದವು, ಒಂದರ ಪಿಸ್ಟನ್ ಇನ್ನೊಂದರ ಚೇಂಬರ್‌ಗೆ ಸೇರಬಾರದು. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಚೀಟಿ ಅಂಟಿಸಿ ಮನೆಯಲ್ಲೇ ಇಟ್ಟುಕೊಳ್ಳಿ.