ಬಿಗಿ ಬಜೆಟ್ಟಿನ ಅಡುಗೆಮನೆಗೆ ಐದು ಲೀಟರಿನ ಪ್ರೆಶರ್ ಕುಕ್ಕರ್: ದೀರ್ಘಕಾಲ ಬಳಸಿದವರ ವಿಮರ್ಶೆ

ವಾರಕ್ಕೆ ಇಷ್ಟು ಎಂದು ದಿನಸಿಯ ಹಣವನ್ನು ಎತ್ತಿಟ್ಟು, ಅದರೊಳಗೇ ಮನೆಮಂದಿಯ ಊಟ ನಡೆಸಬೇಕಾದವರಿಗೆ ಪ್ರೆಶರ್ ಕುಕ್ಕರ್ ಎಷ್ಟರ ಮಟ್ಟಿಗೆ ನೆರವಾಗುತ್ತದೆ ಎಂಬುದು ಈ ವಿಮರ್ಶೆಯ ವಿಷಯ. ನಾನು ಬಳಸುತ್ತಿರುವುದು ಒಲೆಯ ಮೇಲಿಡುವ, ಐದು ಲೀಟರ್ ಅಳತೆಯ, ದಪ್ಪ ತಳದ ಸ್ಟೀಲ್ ಕುಕ್ಕರ್. ಹಲವು ವರ್ಷಗಳಿಂದ ಅದು ಹೆಚ್ಚುಕಡಿಮೆ ದಿನವೂ ಒಲೆ ಏರುತ್ತಿದೆ. ತಯಾರಿಸಿದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇಲ್ಲಿ ಹೇಳುವ ಬಹುತೇಕ ಸಂಗತಿಗಳು ಈ ಬಗೆಯ ಎಲ್ಲ ಕುಕ್ಕರುಗಳಿಗೂ ಅನ್ವಯಿಸುತ್ತವೆ.

ಕುಕ್ಕರಿನಿಂದ ಆಗುವ ಉಳಿತಾಯವೆಂದರೆ ಇಂಧನದ ಉಳಿತಾಯ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ನಿಜ, ಆದರೆ ನನ್ನ ಅನುಭವದಲ್ಲಿ ದೊಡ್ಡ ಉಳಿತಾಯ ಅದಲ್ಲ. ವಾರದ ಬಜೆಟ್ ಕೈಮೀರುವುದು ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗಲ್ಲ. ದುಡಿದು ದಣಿದು ಬಂದ ಸಂಜೆ, ಡಬ್ಬಿಯಲ್ಲಿ ಕಾಳು ಇದ್ದರೂ ಅದು ಬೇಯಲು ಎರಡು ಗಂಟೆ ಬೇಕೆಂದು ತಿಳಿದು, ಹೊರಗಿನಿಂದ ಏನನ್ನಾದರೂ ತರಿಸಿಬಿಡುವ ಆ ಗಳಿಗೆಯಲ್ಲಿ. ಎಲ್ಲಕ್ಕಿಂತ ಅಗ್ಗವಾದ ಆಹಾರವೇ ಬೇಯಲು ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಒಣಗಿದ ಇಡೀ ಕಾಳು, ತವುಡು ತೆಗೆಯದ ಧಾನ್ಯ, ಗಟ್ಟಿ ಮಾಂಸ, ಎಲುಬು, ಬಲಿತ ಗೆಡ್ಡೆ ಎಲ್ಲವೂ ಇದೇ ಸಾಲಿನವು. ಕುಕ್ಕರ್ ಈ ಸಾಮಾನುಗಳನ್ನು ಕೆಲಸದ ದಿನದ ಸಂಜೆಗೂ ಒದಗುವಂತೆ ಮಾಡುತ್ತದೆ. ನನ್ನ ಲೆಕ್ಕದಲ್ಲಿ ಅದರ ಬೆಲೆ ಹುಟ್ಟಿದ್ದು ಅಲ್ಲಿ.

ಕಾಳಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಣಗಿದ ದ್ವಿದಳ ಧಾನ್ಯಗಳಲ್ಲಿ 100 ಗ್ರಾಮಿಗೆ ಸುಮಾರು 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. ಏಕದಳ ಧಾನ್ಯಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳುಗಳಲ್ಲಿ ಧಾರಾಳವಾಗಿರುತ್ತದೆ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯಗಳಿಂದ ಸಿಗುತ್ತದೆ. ಆದ್ದರಿಂದ ಎರಡನ್ನೂ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಹಣ ಕಡಿಮೆಯಾದಾಗ ಮೊದಲು ಕುಗ್ಗುವುದು ಪ್ರೋಟೀನೇ ಆದ್ದರಿಂದ ಈ ಸಂಗತಿಗೆ ತೂಕವಿದೆ. ಪೊಟ್ಟಣದ ಬೆಲೆಯನ್ನು ಕಿಲೋ ಲೆಕ್ಕದಲ್ಲಿ ನೋಡುವ ಬದಲು, ಆ ಪೊಟ್ಟಣದಲ್ಲಿರುವ ಪ್ರೋಟೀನಿನ ಗ್ರಾಮುಗಳಿಂದ ಭಾಗಿಸಿ ನೋಡಿದರೆ ಯಾವುದು ನಿಜಕ್ಕೂ ಅಗ್ಗ ಎಂಬುದು ತಿಳಿಯುತ್ತದೆ. ಬೇಯಿಸಿ ಡಬ್ಬಿಯಲ್ಲಿ ತುಂಬಿದ ಕಾಳಿನೊಡನೆ ಹೋಲಿಸುವಾಗಲೂ ಇಂಥದೇ ಎಚ್ಚರ ಬೇಕು. 400 ಗ್ರಾಮಿನ ಡಬ್ಬಿಯ ನೀರು ಬಸಿದರೆ ಉಳಿಯುವುದು ಸುಮಾರು 240 ಗ್ರಾಂ ಕಾಳು. ಹೆಚ್ಚುಕಡಿಮೆ 100 ಗ್ರಾಂ ಒಣ ಕಾಳನ್ನು ನೆನೆಸಿ ಬೇಯಿಸಿದರೆ ಅಷ್ಟೇ ಆಗುತ್ತದೆ. ಹಾಗಾಗಿ ಡಬ್ಬಿಯ ಬೆಲೆಯನ್ನು 100 ಗ್ರಾಂ ಒಣ ಕಾಳಿನ ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು.

ಕುಕ್ಕರಿನೊಳಗೆ ನಡೆಯುವ ಕೆಲಸ ಸರಳವಾದದ್ದು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ, ಎತ್ತರದ ಊರುಗಳಲ್ಲಿ ಇನ್ನೂ ಕಡಿಮೆಯಲ್ಲಿ. ಹಬೆಯನ್ನು ಹೊರಹೋಗದಂತೆ ಬಂಧಿಸಿ ಒತ್ತಡವನ್ನು ವಾಯುಮಂಡಲದ ಒತ್ತಡಕ್ಕಿಂತ ಒಂದು ಪಟ್ಟು ಹೆಚ್ಚಿಸಿದರೆ ಕುದಿಯುವ ಬಿಂದು ಸುಮಾರು 120 ಡಿಗ್ರಿಗೆ ಏರುತ್ತದೆ, ಬೇಯುವ ವೇಗ ಹಲವು ಪಟ್ಟು ಹೆಚ್ಚುತ್ತದೆ. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲಿ ಇದರ ಮೊದಲ ರೂಪವನ್ನು ಮಾಡಿದ್ದು ಎಲುಬನ್ನು ಮೆತ್ತಗಾಗಿಸಿ ಅದರ ಸಾರ ತೆಗೆಯಲಿಕ್ಕೆ. ಬಿಸಾಡುವ ವಸ್ತುವಿನಿಂದ ಆಹಾರ ಪಡೆಯುವ ಆಲೋಚನೆ ಈ ಪಾತ್ರೆಯ ಹುಟ್ಟಿನಲ್ಲೇ ಇತ್ತು.

ಇಂಧನದ ಉಳಿತಾಯ ಪೂರ್ತಿಯಾಗಿ ಸಿಗಬೇಕಾದರೆ ಒಂದು ಅಭ್ಯಾಸ ಬೇಕು. ಮೊದಲ ವಿಷಲ್ ಬಂದೊಡನೆ ಉರಿಯನ್ನು ಸಣ್ಣದು ಮಾಡಬೇಕು. ಒತ್ತಡ ಮಿತಿ ಮುಟ್ಟಿದ ಮೇಲೆ ಉರಿ ಎಷ್ಟೇ ದೊಡ್ಡದಿರಲಿ, ಒಳಗಿನ ಉಷ್ಣತೆ ಹೆಚ್ಚುವುದಿಲ್ಲ. ಹೆಚ್ಚಿನ ಶಾಖವೆಲ್ಲ ವೇಟನ್ನು ಎತ್ತಿ ಹಬೆಯಾಗಿ ಹೊರಹೋಗುತ್ತದೆ. ವೇಟು ಆಗೀಗ ಅಲುಗುತ್ತ ಸಣ್ಣಗೆ ಉಸ್ ಎನ್ನುತ್ತಿದ್ದರೆ ಉರಿ ಸರಿಯಾಗಿದೆ ಎಂದರ್ಥ. ಇದೇ ಕಾರಣಕ್ಕೆ ವಿಷಲ್ ಎಣಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಉರಿಯ ಗಾತ್ರ, ಪಾತ್ರೆಯಲ್ಲಿರುವ ಸಾಮಾನಿನ ಪ್ರಮಾಣ, ವೇಟಿನ ತೂಕ ಇವುಗಳಿಗೆ ತಕ್ಕಂತೆ ಎರಡು ವಿಷಲ್‌ಗಳ ನಡುವಿನ ಅಂತರ ಬದಲಾಗುತ್ತದೆ, ನಿಮಿಷ ಬದಲಾಗುವುದಿಲ್ಲ. ಸಣ್ಣ ಉರಿಯಲ್ಲಿ ಇಷ್ಟು ನಿಮಿಷ ಎಂದು ಗುರುತಿಟ್ಟುಕೊಂಡರೆ ಕಾಳು ಪ್ರತಿಸಲವೂ ಒಂದೇ ಹದಕ್ಕೆ ಬರುತ್ತದೆ. ಉರಿ ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯುವವರೆಗೆ ಬಿಟ್ಟರೆ ಆ ಹೊತ್ತಿನಲ್ಲೂ ಬೇಯುವ ಕೆಲಸ ಇಂಧನವಿಲ್ಲದೆ ಮುಂದುವರಿಯುತ್ತದೆ. ಅವಸರಪಟ್ಟು ವೇಟು ಎತ್ತಿದರೆ ಕಾಳಿನೊಳಗಿನ ನೀರು ಒಮ್ಮೆಲೇ ಕುದಿದು ಸಿಪ್ಪೆ ಒಡೆದು ಕಾಳು ಚೂರಾಗುತ್ತದೆ.

ಕುಕ್ಕರ್ ಇದ್ದೂ ಕಾಳು ಬೇಯುವುದಿಲ್ಲ ಎಂದು ದೂರುವವರು ಬಹಳ ಮಂದಿ. ತಪ್ಪು ಹೆಚ್ಚಿನ ಸಲ ಪಾತ್ರೆಯದ್ದಲ್ಲ. ಕಾಳು ಹಳತಾಗಿದ್ದರೆ, ಅದರಲ್ಲೂ ಸೆಖೆ ಮತ್ತು ತೇವ ಇರುವ ಕಡೆ ಬಹುಕಾಲ ಇಟ್ಟಿದ್ದರೆ, ಅದರ ಜೀವಕೋಶಗಳ ಗೋಡೆಗಳೇ ಗಟ್ಟಿಯಾಗಿ, ಎಷ್ಟು ಬೇಯಿಸಿದರೂ ನಡುವೆ ಕಲ್ಲು ಕಲ್ಲಾಗಿ ಉಳಿಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ವರ್ಷಕ್ಕಾಗುವಷ್ಟು ಕೊಂಡಿಡುವುದರಲ್ಲಿ ಈ ನಷ್ಟ ಅಡಗಿದೆ. ಎರಡು ಮೂರು ತಿಂಗಳಿಗೆ ಬೇಕಾದಷ್ಟನ್ನು ಒಣಗಿದ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಲೇಸು. ಗಡಸು ನೀರು ಎರಡನೆಯ ಕಾರಣ: ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತುವಿನೊಡನೆ ಸೇರಿ ಸಿಪ್ಪೆಯನ್ನು ಬಿಗಿಗೊಳಿಸುತ್ತವೆ. ಹುಳಿ ಮೂರನೆಯದು. ಟೊಮ್ಯಾಟೊವನ್ನಾಗಲಿ ಬೇರಾವುದೇ ಹುಳಿಯನ್ನಾಗಲಿ ಕಾಳು ಬೆಂದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಬೇಯುವುದು ನಿಧಾನವಾಗುತ್ತದೆ.

ಉಪ್ಪು ಕೂಡ ಕಾಳನ್ನು ಗಟ್ಟಿ ಮಾಡುತ್ತದೆ ಎಂಬ ನಂಬಿಕೆಯಿದೆ, ಆದರೆ ಆಗುವುದು ಅದಕ್ಕೆ ಪೂರ್ತಿ ವಿರುದ್ಧ. ರಾತ್ರಿ ನೆನೆಹಾಕುವ ನೀರಿಗೆ ಉಪ್ಪು ಬೆರೆಸಿದರೆ ಸೋಡಿಯಂ, ಸಿಪ್ಪೆಯಲ್ಲಿರುವ ಕ್ಯಾಲ್ಸಿಯಮ್ಮಿನ ಜಾಗವನ್ನು ಹಿಡಿದು ಅದನ್ನು ಮೆತ್ತಗೆ ಮಾಡುತ್ತದೆ. ಬೆಳಿಗ್ಗೆ ನೋಡಿದರೆ ಕಾಳು ಉಬ್ಬಿ, ಸುಕ್ಕೆಲ್ಲ ಹೋಗಿ ನುಣುಪಾಗಿರುತ್ತದೆ, ಉಗುರಿನಿಂದ ಒತ್ತಿದರೆ ಎರಡು ಹೋಳಾಗಿ ಬಿಡುತ್ತದೆ. ಹೋಳಿನ ಒಳಮೈ ಅಂಚಿನಿಂದ ನಡುವಿನವರೆಗೂ ಒಂದೇ ಬಣ್ಣದಲ್ಲಿದ್ದರೆ ಪೂರ್ತಿ ನೆನೆದಿದೆ ಎಂದು ತಿಳಿಯಬಹುದು. ನಡುವೆ ಬಿಳಿಚಿದ ಚುಕ್ಕೆ ಕಂಡರೆ ಇನ್ನೂ ಒಂದೆರಡು ಗಂಟೆ ಬಿಡಬೇಕು. ಹೀಗೆ ನೆನೆಸಿದ ಕಡಲೆ ಒತ್ತಡದಲ್ಲಿ ಕಾಲು ಗಂಟೆಯ ಆಸುಪಾಸಿನಲ್ಲಿ ಬೇಯುತ್ತದೆ, ನೆನೆಸದಿದ್ದರೆ ಮುಕ್ಕಾಲು ಗಂಟೆಯಾದರೂ ಬೇಕು. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ. ಪೌಷ್ಟಿಕತೆಗೆಂದೇ ಕಾಳನ್ನು ನೆಚ್ಚಿಕೊಂಡ ಮನೆಯಲ್ಲಿ ಅದನ್ನು ನಿತ್ಯದ ರೂಢಿ ಮಾಡಿಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಾಜ್ಮಾದ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷವಸ್ತು ಇದೆ. ಸರಿಯಾಗಿ ಬೇಯದ ಕೆಲವೇ ಕಾಳುಗಳು ಸಹ ವಾಂತಿ ಭೇದಿಗೆ ಕಾರಣವಾಗಬಲ್ಲವು. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರಿನಲ್ಲಿ ಉಷ್ಣತೆ ಕುದಿಯುವ ಮಟ್ಟ ಮುಟ್ಟದಿದ್ದರೆ ವಿಷ ಹಾಗೆಯೇ ಉಳಿಯುತ್ತದೆ. ಬಜೆಟ್ ಅಡುಗೆಗೆ ಸ್ಲೋ ಕುಕ್ಕರ್ ಕೊಳ್ಳಲೇ ಎಂದು ಕೇಳಿದವರಿಗೆ ನಾನು ಪ್ರೆಶರ್ ಕುಕ್ಕರನ್ನೇ ಹೇಳುವುದಕ್ಕೆ ಇದೂ ಒಂದು ಕಾರಣ.

ವಾರದ ಲೆಕ್ಕದಲ್ಲಿ ಇದು ಹೇಗೆ ಹೊಂದುತ್ತದೆ ಎಂದರೆ, ವಾರಕ್ಕೆ ಎರಡು ಸಲ ಒಂದೊಂದು ಬಗೆಯ ಕಾಳನ್ನು ಒಂದು ಹೊತ್ತಿಗೆ ಬೇಕಾದ್ದಕ್ಕಿಂತ ಹೆಚ್ಚಾಗಿ ಬೇಯಿಸುತ್ತೇನೆ. ಆ ದಿನಕ್ಕೆ ಬೇಕಾದಷ್ಟನ್ನು ತೆಗೆದು, ಉಳಿದದ್ದನ್ನು ಅಗಲ ಪಾತ್ರೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುತ್ತೇನೆ. ಅಲ್ಲಿ ಮೂರು ನಾಲ್ಕು ದಿನ ಕೆಡದೆ ಇರುತ್ತದೆ, ಫ್ರೀಜರಿನಲ್ಲಿ ತಿಂಗಳುಗಳ ಕಾಲ ಇರುತ್ತದೆ. ಒಗ್ಗರಣೆ ಬದಲಾದರೆ, ಜೊತೆಗೆ ಹಾಕುವ ತರಕಾರಿ ಬದಲಾದರೆ ಅದೇ ಕಾಳು ಬೇರೆ ಅಡುಗೆಯಾಗುತ್ತದೆ, ಮಕ್ಕಳು ಬೇಸರಪಡುವುದಿಲ್ಲ. ಕಾಳು ಬೆಂದ ಕಟ್ಟನ್ನು ಚೆಲ್ಲುವುದಿಲ್ಲ; ಅದರಲ್ಲಿ ಕರಗಿದ ಪಿಷ್ಟವೂ ಲವಣಗಳೂ ಇರುವುದರಿಂದ ಸಾರಿಗೆ ಅದೇ ಬುನಾದಿ. ಹೂಕೋಸಿನ ದಂಟು, ಸೊಪ್ಪಿನ ಬಲಿತ ಕಾಂಡ, ಮಾಂಸ ತಿನ್ನುವವರಾದರೆ ಎಲುಬು, ಇವೆಲ್ಲ ಕುಕ್ಕರಿನಲ್ಲಿ ಸಾರ ಬಿಟ್ಟುಕೊಡುತ್ತವೆ. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಜೊತೆಗೆ ಸಿ ಜೀವಸತ್ವ ಇರಬೇಕು, ಹಾಗಾಗಿ ಬಡಿಸುವ ಮೊದಲು ನಿಂಬೆರಸ ಹಿಂಡುವುದು ರುಚಿಗಷ್ಟೇ ಅಲ್ಲ.

ಕೊರತೆಗಳೂ ಇವೆ. ಸೊಪ್ಪು ಮತ್ತು ಎಳೆಯ ತರಕಾರಿಗಳಿಗೆ ಇದು ತಕ್ಕ ಪಾತ್ರೆಯಲ್ಲ. ಒಂದು ನಿಮಿಷ ಹೆಚ್ಚಾದರೂ ಮುದ್ದೆಯಾಗಿ, ಬಣ್ಣಗೆಟ್ಟು, ಯಾರೂ ಮುಟ್ಟದೆ ತಿಪ್ಪೆ ಸೇರಿದರೆ ಅಲ್ಲಿಗೆ ಉಳಿತಾಯವೆಲ್ಲ ಹೋಯಿತು. ನಡುವೆ ಮುಚ್ಚಳ ತೆಗೆದು ರುಚಿ ನೋಡುವಂತಿಲ್ಲ. ಐದು ಲೀಟರ್ ಎಂದು ಬರೆದಿದ್ದರೂ ಐದು ಲೀಟರ್ ತುಂಬುವಂತಿಲ್ಲ ಎಂಬುದು ಕೊಳ್ಳುವ ಮುನ್ನ ತಿಳಿದಿರಬೇಕಾದ ಮುಖ್ಯ ಸಂಗತಿ: ಸಾಮಾನ್ಯ ಅಡುಗೆಗೆ ಮೂರನೇ ಎರಡು ಭಾಗ, ನೊರೆ ಉಕ್ಕುವ ಕಾಳು ಬೇಳೆ ಧಾನ್ಯಗಳಿಗೆ ಅರ್ಧ ಮಾತ್ರ. ನೊರೆಯೊಡನೆ ಮೇಲೇಳುವ ಸಿಪ್ಪೆ ಹಬೆಯ ನಳಿಗೆಗೆ ಸಿಕ್ಕಿಕೊಂಡರೆ ಅಪಾಯ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ನಾಲ್ಕೈದು ಮಂದಿಯ ಮನೆಗೆ ಐದು ಲೀಟರ್ ಸಾಕು, ಆದರೆ ಎರಡು ಮೂರು ದಿನಕ್ಕಾಗುವಷ್ಟು ಒಮ್ಮೆಗೇ ಬೇಯಿಸುವ ನನ್ನಂಥವರಿಗೆ ಅದು ತುಸು ಇಕ್ಕಟ್ಟು; ಈಗ ಕೊಳ್ಳುವುದಾದರೆ ಏಳು ಲೀಟರಿನದನ್ನು ಆರಿಸುತ್ತೇನೆ.

ಬಾಳಿಕೆಯ ವಿಷಯದಲ್ಲಿ ಪಾತ್ರೆ ಗಟ್ಟಿ, ಬಿಡಿಭಾಗಗಳು ಸವೆಯುತ್ತವೆ. ಗ್ಯಾಸ್ಕೆಟ್ ಶಾಖಕ್ಕೆ ಬಿರುಸಾಗಿ ಕುಗ್ಗುತ್ತದೆ. ಮುಚ್ಚಳದ ಅಂಚಿನಿಂದ ಹನಿ ಇಳಿಯತೊಡಗಿದರೆ, ವಿಷಲ್ ಬರಲು ಮೊದಲಿಗಿಂತ ತಡವಾದರೆ ಅದನ್ನು ಬದಲಿಸುವ ಕಾಲ ಬಂದಿದೆ ಎಂದರ್ಥ. ಹಳೆಯ ಗ್ಯಾಸ್ಕೆಟ್ಟಿನಲ್ಲೇ ದಿನ ದೂಡಿದರೆ ಹಬೆ ಸೋರಿ ಇಂಧನ ವ್ಯರ್ಥವಾಗುತ್ತದೆ, ನೀರು ಆರಿ ತಳ ಹಿಡಿಯುತ್ತದೆ. ತೊಳೆದ ಮೇಲೆ ಅದನ್ನು ಮುಚ್ಚಳದಿಂದ ಬಿಡಿಸಿ ಒಣಗಿಸಿಟ್ಟರೆ ಹೆಚ್ಚು ಕಾಲ ಬರುತ್ತದೆ. ಹಬೆಯ ನಳಿಗೆಯನ್ನು ಪ್ರತಿಸಲವೂ ಬೆಳಕಿಗೆ ಹಿಡಿದು, ಆಚೆ ಬದಿ ಕಾಣುತ್ತದೆಯೇ ಎಂದು ನೋಡಿಯೇ ಮುಚ್ಚಬೇಕು; ಮನೆಯಲ್ಲಿ ಯಾರು ಅಡುಗೆ ಮಾಡಿದರೂ ಈ ಒಂದು ಕೆಲಸವನ್ನು ಬಿಡಕೂಡದು. ಸೇಫ್ಟಿ ವಾಲ್ವ್ ಒಮ್ಮೆ ಕರಗಿ ಒಡೆದರೆ ಅದೇ ಮಾದರಿಯ ಹೊಸದನ್ನೇ ಹಾಕಬೇಕು, ಸಿಕ್ಕಿದ್ದನ್ನು ತುರುಕಬಾರದು.

ಅಲ್ಯೂಮಿನಿಯಂ ಕುಕ್ಕರ್ ಅಗ್ಗವೂ ಹಗುರವೂ ಹೌದು, ಬೇಗ ಕಾಯುತ್ತದೆ. ಆದರೆ ಹುಳಿ ಪದಾರ್ಥದೊಡನೆ ವರ್ತಿಸುತ್ತದೆ. ಸ್ಟೀಲ್ ಕೊಳ್ಳುವುದಾದರೆ ತಳದಲ್ಲಿ ಅಲ್ಯೂಮಿನಿಯಂ ಪದರವಿರುವ ದಪ್ಪ ತಳದ್ದನ್ನೇ ಕೊಳ್ಳಬೇಕು, ಇಲ್ಲವಾದರೆ ಸೀಯುತ್ತದೆ. ವಿದ್ಯುತ್ ಕುಕ್ಕರಿನಲ್ಲಿ ಟೈಮರ್ ಇರುವುದರಿಂದ ಪಕ್ಕದಲ್ಲಿ ನಿಂತಿರಬೇಕಾಗಿಲ್ಲ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರಿಗೆ ಅದು ದೊಡ್ಡ ಅನುಕೂಲ. ಆದರೆ ಅವುಗಳಲ್ಲಿ ಹಲವು ಕಡಿಮೆ ಒತ್ತಡದಲ್ಲಿ ಕೆಲಸ ಮಾಡುತ್ತವೆ, ಹೊತ್ತು ಹೆಚ್ಚು ಹಿಡಿಯುತ್ತದೆ, ಒಳಗಿನ ವಿದ್ಯುತ್ ಭಾಗ ಕೆಟ್ಟರೆ ದುರಸ್ತಿ ಸುಲಭವಲ್ಲ. ಪೈಸೆ ಪೈಸೆ ಲೆಕ್ಕ ಹಾಕುವ ಮನೆಗೆ ಒಲೆಯ ಮೇಲಿಡುವುದೇ ಸರಿ. ಯಾವುದನ್ನು ಕೊಂಡರೂ ಅದೇ ಮಾದರಿಯ ಗ್ಯಾಸ್ಕೆಟ್, ವೇಟ್, ಸೇಫ್ಟಿ ವಾಲ್ವ್ ಬಿಡಿಯಾಗಿ ಸಿಗುತ್ತವೆಯೇ ಎಂದು ಅಂಗಡಿಯವರನ್ನು ಮೊದಲೇ ಕೇಳಿ, ಒಂದು ಗ್ಯಾಸ್ಕೆಟ್ಟನ್ನು ಕುಕ್ಕರಿನ ಜೊತೆಗೇ ಹೆಚ್ಚುವರಿಯಾಗಿ ಕೊಂಡಿಟ್ಟುಕೊಳ್ಳಿ.