ಸ್ಕ್ರೂ ಬಿಚ್ಚಲು ಬಿಡದವರ ಹತ್ತಿರ ಹಳೇ ಬೇಸ್ ಗಿಟಾರ್ ಕೊಳ್ಳಬೇಡಿ

ಹಳೇ ಬೇಸ್ ಗಿಟಾರ್ ಒಂದನ್ನು ನೋಡಿಟ್ಟು, ಹಣ ಹೊಂದಿಸಿಕೊಂಡು, ಇನ್ನೇನು ಕೊಟ್ಟೇಬಿಡಬೇಕು ಅನ್ನುವ ಹಂತದಲ್ಲಿರುವವರು ದಯವಿಟ್ಟು ಇದನ್ನು ಓದಿ. ಕೊಳ್ಳುವ ಮುಂಚೆ ತಿಳಿಯಬೇಕಾಗಿದ್ದನ್ನು ನಾನು ಕೊಂಡ ಮೇಲೆ ತಿಳಿದೆ. ಬೇಸ್ ಜೊತೆಗೆ ಹಳೇ ಟ್ಯೂಬ್ ಆಂಪ್ (ಗಾಜಿನ ವಾಲ್ವ್‌ಗಳಿರುವ ಆಂಪ್ಲಿಫೈಯರ್) ಕೂಡ ಬರುತ್ತಿದ್ದರೆ, ಅದರ ಸ್ವಿಚ್ ಹಾಕುವ ಮುಂಚೆ ಕೆಳಗೆ ಆಂಪ್ ಬಗ್ಗೆ ಬರೆದಿರುವುದನ್ನಾದರೂ ಓದಿ. ಬೇಸ್‌ನಲ್ಲಿ ನನಗೆ ಹೋದದ್ದು ಹಣ. ಆಂಪ್‌ನಲ್ಲಿ ಪ್ರಾಣವೇ ಹೋಗುವುದರಲ್ಲಿತ್ತು.

ಇಪ್ಪತ್ತು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ. 1960ರ ದಶಕದ ಫೆಂಡರ್ ಪ್ರಿಸಿಷನ್ ಬೇಸ್ ಒಂದು ನನ್ನದಾಗಬೇಕು ಅನ್ನುವುದು ಕಲಿಯಲು ಕೂತ ದಿನದಿಂದ ಇದ್ದ ಆಸೆ. ಲಿಯೋ ಫೆಂಡರ್ ಈ ವಾದ್ಯವನ್ನು 1951ರಲ್ಲಿ ಹೊರತಂದರು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಎರಡು ತುಂಡಾಗಿ ಸೀಳಿದ ಪಿಕಪ್ 1957ರಲ್ಲಿ ಬಂತು, ಅಲ್ಲಿಂದ ಈಚೆಗೆ ಅದರ ಮೂಲ ರೂಪ ಹೆಚ್ಚು ಬದಲಾಗಿಲ್ಲ. ಬದಲಾದದ್ದು ಕಂಪನಿಯ ಒಡೆತನ: 1965ರ ಜನವರಿಯಲ್ಲಿ ಅದು ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್ ಕೈಗೆ ಹೋಯಿತು. ಹಳೇ ವಾದ್ಯ ಕೂಡಿಡುವವರಿಗೆ ಆ ಜನವರಿ ಒಂದು ಗಡಿರೇಖೆ. 1964ರದ್ದನ್ನೂ 1966ರದ್ದನ್ನೂ ಒಂದರ ಹಿಂದೊಂದು ನುಡಿಸಿದರೆ ಎಷ್ಟೋ ಸಲ ದನಿಯಲ್ಲಿ ವ್ಯತ್ಯಾಸವೇ ಸಿಗುವುದಿಲ್ಲ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಮೋಸಕ್ಕೆ ಜಾಗ ಸಿಗುವುದು ಅಲ್ಲೇ.

ನನಗೆ ಸಿಕ್ಕಿದ ಬೇಸ್ "1964ರದ್ದು, ಪೂರ್ತಿ ಒರಿಜಿನಲ್" ಅಂತ ಜಾಹೀರಾತಿನಲ್ಲಿತ್ತು. ಮಾರುವವರು ಮೆದು ಮಾತಿನವರು, ವಿಷಯ ಚೆನ್ನಾಗಿ ಬಲ್ಲವರು. ಸನ್‌ಬರ್ಸ್ಟ್ ಬಣ್ಣ ಮೊಣಕೈ ತಾಗುವಲ್ಲಿ ಸವೆದು ಮರ ಕಾಣುತ್ತಿತ್ತು. ಹಿಂದೆ, ಕತ್ತಿನಂಥ ಉದ್ದ ನೆಕ್ ಅನ್ನು ಬಾಡಿಯ ಜೊತೆ ಸ್ಕ್ರೂ ಹಾಕಿ ಬಿಗಿಯುವ ಲೋಹದ ನೆಕ್ ಪ್ಲೇಟ್ ಮೇಲೆ ಎಲ್ ಅಕ್ಷರದಿಂದ ಶುರುವಾಗುವ ನಂಬರ್ ಇತ್ತು, ಆ ಕಾಲಕ್ಕೆ ಸರಿಯಾಗಿಯೇ ಹೊಂದುವ ನಂಬರ್. ನೆಕ್ ಒಮ್ಮೆ ತೆಗೆದು ನೋಡಬಹುದಾ ಅಂತ ಕೇಳಿದೆ.

"ಅರವತ್ತು ವರ್ಷದಿಂದ ಯಾರೂ ಮುಟ್ಟದ ಸ್ಕ್ರೂ ಅದು. ಬಿಚ್ಚಿದ್ರೆ ಅದರ ಬೆಲೆನೇ ಬಿದ್ದುಹೋಗುತ್ತೆ. ನಿಮಗೆ ಅನುಮಾನ ಇದ್ರೆ ಬಿಡಿ, ಸಂಜೆ ಇನ್ನೊಬ್ಬರು ನೋಡೋಕೆ ಬರ್ತಿದ್ದಾರೆ" ಅಂದರು.

ನಾನು ಆ ನಾಲ್ಕು ಸ್ಕ್ರೂಗಳನ್ನು ನೋಡಿದೆ. ಒಂದರ ತಲೆ ಸವೆದು ಪ್ಲಸ್ ಗುರುತು ದುಂಡಗಾಗಿತ್ತು. ಇನ್ನೊಂದರ ಅಂಚಿನಲ್ಲಿ ಹೊಸ ಗೀರು ಹೊಳೆಯುತ್ತಿತ್ತು. ಯಾರೂ ಮುಟ್ಟದ ಸ್ಕ್ರೂ ಹಾಗಿರುವುದಿಲ್ಲ. ಕಣ್ಣು ಅದನ್ನು ಕಂಡಿತು, ಆಸೆ ಅದನ್ನು ಪಕ್ಕಕ್ಕೆ ಸರಿಸಿತು. ಆಗಲೇ ನೆನಪಾಗಬೇಕಿದ್ದ ಇನ್ನೊಂದು ಮಾತೂ ಇದೆ. ಆ ಕಾಲದ ಪ್ರಿಸಿಷನ್‌ನಲ್ಲಿ ನೆಕ್ ಒಳಗಿನ ಟ್ರಸ್ ರಾಡ್ (ನೆಕ್ ನೇರ ಇಡುವ ಲೋಹದ ಕಡ್ಡಿ) ತಿರುಗಿಸುವ ನಟ್ ಇರುವುದು ತಲೆಯ ಕಡೆ ಅಲ್ಲ, ಬಾಡಿಯನ್ನು ಕೂಡುವ ಹಿಮ್ಮಡಿಯಲ್ಲಿ. ನೆಕ್ ಬಾಗಿದಾಗ ಸರಿಪಡಿಸಬೇಕೆಂದರೆ ಸ್ಕ್ರೂ ಸಡಿಲಿಸಲೇಬೇಕು. ಅಂದಮೇಲೆ ಅರವತ್ತು ವರ್ಷ ನುಡಿಸಿದ ಬೇಸ್‌ನ ಸ್ಕ್ರೂ ಯಾರೂ ಮುಟ್ಟಿಲ್ಲ ಅನ್ನುವ ಮಾತು ನಿಲ್ಲುವುದೇ ಇಲ್ಲ. ಸರಿಯಾದ ಸ್ಕ್ರೂಡ್ರೈವರ್ ಹಿಡಿದು ಜೋಪಾನವಾಗಿ ಬಿಚ್ಚಿ ಹಾಕಿದರೆ ಬೆಲೆ ಬೀಳುವುದೂ ಇಲ್ಲ. ಪ್ರಾಮಾಣಿಕವಾಗಿ ಹಳೇ ವಾದ್ಯ ಮಾರುವವರು ನೆಕ್‌ನ ಹಿಮ್ಮಡಿ, ಅದು ಕೂರುವ ಗುಳಿ, ಒಳಗಿನ ವೈರಿಂಗ್, ಎಲ್ಲದರ ಫೋಟೋ ತಾವಾಗಿಯೇ ಹಾಕುತ್ತಾರೆ. ಅವರ ಬೆಲೆ ನಿಂತಿರುವುದೇ ಆ ಫೋಟೋಗಳ ಮೇಲೆ.

ಹಣ ಕೊಟ್ಟು ತಂದೆ. ಮೂರು ತಿಂಗಳು ಸಂತೋಷವಾಗಿಯೇ ನುಡಿಸಿದೆ. ಆಮೇಲೆ ಹನ್ನೆರಡನೇ ಫ್ರೆಟ್‌ನಿಂದ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ತಂತಿ ಗರಗರ ಅನ್ನಲು ಶುರುವಾಯಿತು. ಅನುಭವಸ್ಥರೊಬ್ಬರ ಹತ್ತಿರ ರಿಪೇರಿಗೆ ಒಯ್ದೆ. ಅವರು ನೆಕ್ ತೆಗೆದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಕೂತ್ಕೊಳ್ಳಿ, ಒಂದೊಂದಾಗಿ ತೋರಿಸ್ತೀನಿ" ಅಂದರು.

ನೆಕ್‌ನ ಹಿಮ್ಮಡಿಯಲ್ಲಿ ತಿಂಗಳು, ವರ್ಷದ ಮುದ್ರೆ ಇರಬೇಕಿತ್ತು. (ಆ ಮುದ್ರೆಯ ಮೊದಲ ಅಂಕಿಯನ್ನು ತಾರೀಖು ಅಂತ ಓದುವವರಿದ್ದಾರೆ. ಅದು ತಾರೀಖಲ್ಲ, ಮಾಡೆಲ್‌ನ ಸಂಕೇತ.) ನನ್ನದರಲ್ಲಿ ಮುದ್ರೆಯೇ ಇರಲಿಲ್ಲ. ಮರಳು ಕಾಗದ ಹಾಕಿ ಉಜ್ಜಿದ ಗೆರೆಗಳು ಓರೆ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡವು. ಟ್ರಸ್ ರಾಡ್‌ನ ನಟ್ ಕೊನೆಯವರೆಗೂ ಬಿಗಿದು, ಅದರ ಅಂಚು ಕಿತ್ತುಹೋಗಿತ್ತು. ಇನ್ನು ತಿರುಗಿಸಲು ಏನೂ ಉಳಿದಿರಲಿಲ್ಲ.

ಆಮೇಲೆ ಬಾಡಿ. 1964ರ ಕೊನೆಯವರೆಗೆ ಫೆಂಡರ್ ಬಾಡಿಗಳಿಗೆ ಬಣ್ಣ ಹೊಡೆದು ಒಣಗಿಸುವಾಗ ಸಣ್ಣ ಮೊಳೆಗಳ ಮೇಲೆ ಕೂರಿಸುತ್ತಿದ್ದರು. ಆ ಮೊಳೆಗಳ ತೂತು ಬಾಡಿಯ ಮುಂದಿನ ಪ್ಲಾಸ್ಟಿಕ್ ಹೊದಿಕೆಯಾದ ಪಿಕ್‌ಗಾರ್ಡ್ ಅಡಿಯಲ್ಲಿ ಸಿಗಬೇಕು. ಒಂದೂ ಇರಲಿಲ್ಲ. ಬದಲಿಗೆ ದಪ್ಪ ತಂತಿಯ ಕಡೆ ಮುಚ್ಚಿದ ಎರಡು ತೂತು ಸಿಕ್ಕವು. 1960ರ ದಶಕದ ಪ್ರಿಸಿಷನ್‌ಗಳಲ್ಲಿ ಬೆರಳು ಊರುವ ಪಟ್ಟಿ ಇದ್ದದ್ದು ಸಣ್ಣ ತಂತಿಯ ಕಡೆ. ಅದನ್ನು ದಪ್ಪ ತಂತಿಯ ಬದಿಗೆ ತಂದದ್ದು 1974ರ ಸುಮಾರಿಗೆ. ಪಿಕಪ್ ಗುಳಿಯಲ್ಲಿ ಬಣ್ಣ ತಾಗದ ಕಡೆ ಕಂಡ ಮರ ಆ್ಯಶ್. 1964ರ ಸನ್‌ಬರ್ಸ್ಟ್ ಪ್ರಿಸಿಷನ್‌ಗೆ ಬಳಸುತ್ತಿದ್ದದ್ದು ಆಲ್ಡರ್. ಯುವಿ ಟಾರ್ಚ್ ಹಿಡಿದರು. ಹಳೇ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆ ಬೆಳಕಿಗೆ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ನನ್ನ ಬೇಸ್ ಹೊಳೆಯಲೇ ಇಲ್ಲ. ಮೊಣಕೈ ತಾಗುವಲ್ಲಿನ ಸವೆತವೂ ಯಾರೋ ಕೂತು ಉಜ್ಜಿ ಮಾಡಿದ್ದು.

ಕೊನೆಗೆ ವಾಲ್ಯೂಮ್, ಟೋನ್ ತಿರುಗಿಸುವ ಗುಂಡಿಗಳ ಅಡಿಯ ಪಾಟ್‌ಗಳು. ಅವುಗಳ ಬೆನ್ನಿನ ಮೇಲಿನ ಅಂಕಿ ಓದಲು ಎಲ್ಲರೂ ಕಲಿಯಬೇಕು, ಐದು ನಿಮಿಷದ ಕೆಲಸ. ಮೊದಲ ಮೂರು ಅಂಕಿ ತಯಾರಕರದ್ದು: 137 ಅಂದರೆ ಸಿಟಿಎಸ್, 304 ಅಂದರೆ ಸ್ಟ್ಯಾಕ್‌ಪೋಲ್. ಮುಂದಿನದು ವರ್ಷ, ಕೊನೆಯ ಎರಡು ಅಂಕಿ ವಾರ. ನನ್ನದರಲ್ಲಿ ಇದ್ದದ್ದು 1376633, ಅಂದರೆ 1966ರ 33ನೇ ವಾರ. 1964ರಲ್ಲಿ ಜೋಡಿಸಿದ ವಾದ್ಯದೊಳಗೆ 1966ರ ಪಾಟ್ ಹೇಗೆ ಬರುತ್ತದೆ? ಹಾಗಂತ ವಾದ್ಯ 1966ರದ್ದು ಅಂತಲೂ ಹೇಳಲು ಬರುವುದಿಲ್ಲ. ಆ ವರ್ಷ ಕೊಂಡ ಪಾಟ್‌ಗಳ ದೊಡ್ಡ ದಾಸ್ತಾನನ್ನು ಕಂಪನಿ ಮುಂದೆ ಕೆಲವು ವರ್ಷ ಬಳಸಿತು. ಪಾಟ್ ಹೇಳುವುದು ಇಷ್ಟೇ: ಇದಕ್ಕಿಂತ ಹಿಂದಿನದ್ದಲ್ಲ. ಬಟ್ಟೆ ಸುತ್ತಿದ ವೈರ್ ಕಂಡು ಹಳೆಯದೇ ಅಂತ ನಾನು ನಂಬುತ್ತಿದ್ದೆ, ಅದು ಇವತ್ತಿಗೂ ಹೊಸದಾಗಿ ಸಿಗುತ್ತದೆ. ನೆಕ್ ತುದಿಯ ಹೆಡ್‌ಸ್ಟಾಕ್ ಮೇಲಿನ ಸ್ಟಿಕ್ಕರ್, ಆಂಪ್ ಒಳಗೆ ಅಂಟಿಸುವ ಟ್ಯೂಬ್ ಚಾರ್ಟ್, ಇವುಗಳ ನಕಲೂ ಸಿಗುತ್ತವೆ. ಎಲ್ ನಂಬರಿನ ಪ್ಲೇಟ್ ಬಹುಶಃ ಅಸಲಿಯೇ. ಅದಕ್ಕೆ ನಾಲ್ಕೇ ಸ್ಕ್ರೂ, ಯಾವ ಬಾಡಿಯ ಮೇಲೆ ಬೇಕಾದರೂ ಕೂರುತ್ತದೆ.

ಒಟ್ಟಿನಲ್ಲಿ ನಾನು ಕೊಂಡದ್ದು 1970ರ ದಶಕದ ಬಾಡಿ, ಹುಟ್ಟು ಅಳಿಸಿದ ನೆಕ್, ಎಲ್ಲಿಂದಲೋ ತಂದ ವೈರಿಂಗ್, ಬಣ್ಣ ಹಚ್ಚಿ ಹಳೆಯದಾಗಿಸಿದ ಹೊಸ ಪಿಕಪ್. ಬಿಡಿಭಾಗ ಕೂಡಿಸಿ ಮಾಡಿದ ಬೇಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಗಂತ ಹೇಳಿ, ಅದರ ಬೆಲೆಗೆ ಕೊಟ್ಟಿದ್ದರೆ ನಾನೇ ಖುಷಿಯಿಂದ ಕೊಳ್ಳುತ್ತಿದ್ದೆ.

ಬೆಲೆ ಏರಿಸಲು ಫ್ರೆಟ್‌ಬೋರ್ಡ್ ಬ್ರೆಜಿಲಿಯನ್ ರೋಸ್‌ವುಡ್ ಅಂತಲೂ ಅವರು ಹೇಳಿದ್ದರು. ಬೇರೆ ದೇಶದಿಂದ ತರಿಸುವವರು ಇದನ್ನು ಗಮನಿಸಿ: ಆ ಮರ 1992ರಿಂದ, ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಪರವಾನಗಿ ಪತ್ರ ಇಲ್ಲದೆ ಗಡಿ ದಾಟಿಸಿದರೆ ಕಸ್ಟಮ್ಸ್‌ನವರು ವಾದ್ಯವನ್ನೇ ಜಪ್ತಿ ಮಾಡಬಹುದು.

ಈಗ ಆಂಪ್.

ಅದೇ ವ್ಯಕ್ತಿ ಬೇಸ್ ಜೊತೆಗೆ 1960ರ ದಶಕದ ಅಮೆರಿಕನ್ ಟ್ಯೂಬ್ ಹೆಡ್ (ಸ್ಪೀಕರ್ ಬೇರೆ ಜೋಡಿಸಬೇಕಾದ ಆಂಪ್) ಒಂದನ್ನೂ ಕೊಟ್ಟಿದ್ದರು. "ಇದನ್ನೂ ಒಂದು ಸಲವೂ ಬಿಚ್ಚಿಲ್ಲ" ಅಂತ ಹೆಮ್ಮೆಯಿಂದ ಹೇಳಿದರು. ಆಂಪ್ ವಿಷಯದಲ್ಲಿ ಆ ಮಾತು ಕೇಳಿದರೆ ನಿಮಗೆ ಹೆದರಿಕೆ ಆಗಬೇಕು. ಎರಡು ಪಿನ್ನಿನ ಹಳೇ ವೈರ್, ಅರ್ಥಿಂಗ್ ಇಲ್ಲ. ಹಿಂದೆ ಗ್ರೌಂಡ್ ಸ್ವಿಚ್ ಅಂತ ಒಂದು. ಆ ಸ್ವಿಚ್ ಮೂಲಕ ಒಂದು ಕೆಪಾಸಿಟರ್ ಮೇನ್ಸ್‌ನ ಒಂದು ಎಳೆಯನ್ನು ಆಂಪ್‌ನ ಲೋಹದ ಒಡಲಾದ ಚಾಸಿಗೆ ಕೂಡಿಸುತ್ತದೆ. ಗುಂಯ್‌ಗುಡುವ ಸದ್ದು ಕಡಿಮೆ ಮಾಡಲು ಆ ಕಾಲದಲ್ಲಿ ಹಲವು ತಯಾರಕರು ಹೀಗೆ ಮಾಡುತ್ತಿದ್ದರು. ರಿಪೇರಿ ಮಾಡುವವರು ಅದನ್ನು ಡೆತ್ ಕ್ಯಾಪ್ ಅನ್ನುತ್ತಾರೆ. ಅದು ಒಳಗೆ ಶಾರ್ಟ್ ಆದರೆ ಮೇನ್ಸ್ ನೇರವಾಗಿ ಚಾಸಿಗೆ ಬರುತ್ತದೆ. ಚಾಸಿಯಿಂದ ಕೇಬಲ್‌ನ ಹೊರ ಜಾಲರಿಗೆ, ಅಲ್ಲಿಂದ ಬೇಸ್ ಮೇಲೆ ತಂತಿ ಕೂರುವ ಬ್ರಿಜ್‌ಗೆ, ಬ್ರಿಜ್‌ನಿಂದ ತಂತಿಗೆ. ತಂತಿಯ ಮೇಲೆ ನಿಮ್ಮ ಬೆರಳು.

ಮೊದಲ ದಿನಗಳಲ್ಲಿ ತಂತಿ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತಿತ್ತು. ಗ್ರೌಂಡ್ ಸ್ವಿಚ್ ಆಚೆ ಹಾಕಿದರೆ ಕಡಿಮೆಯಾಗುತ್ತಿತ್ತು. ಹಳೇ ಆಂಪ್ ಅಂದರೆ ಹೀಗೇ ಅಂದುಕೊಂಡು ಸುಮ್ಮನಾದೆ. ಒಂದು ದಿನ ಅಭ್ಯಾಸದ ನಡುವೆ ಹಾಡಲು ಮುಂದೆ ಬಾಗಿದೆ, ತುಟಿ ಮೈಕಿಗೆ ತಾಗಿತು. ಮೈಕ್ ಮಿಕ್ಸರ್ ಮೂಲಕ ಸರಿಯಾಗಿ ಅರ್ಥ್ ಆಗಿತ್ತು, ನನ್ನ ಎಡಗೈ ತಂತಿಗಳ ಮೇಲಿತ್ತು. ಮುಖಕ್ಕೆ ಯಾರೋ ಸುತ್ತಿಗೆಯಲ್ಲಿ ಹೊಡೆದಂತಾಯಿತು. ಬೆರಳುಗಳು ತಂತಿಯನ್ನು ಹಿಡಿದುಕೊಂಡವು, ಬಿಡಿಸಿಕೊಳ್ಳಲು ಆಗಲಿಲ್ಲ, ಕೂಗಲೂ ಆಗಲಿಲ್ಲ. ಡ್ರಮ್ಸ್ ನುಡಿಸುವ ಗೆಳೆಯ ನನ್ನನ್ನು ಮುಟ್ಟದೆ ಗೋಡೆಯ ಕಡೆ ಓಡಿ ಪ್ಲಗ್ ಕಿತ್ತ. ಅವನು ನನ್ನನ್ನು ಹಿಡಿದೆಳೆದಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು. ಬೆರಳಿನ ಮೇಲೆ ತಂತಿಯ ಅಗಲದ ಸುಟ್ಟ ಗೆರೆ ಈಗಲೂ ಇದೆ.

ಇದು ಅಪರೂಪದ ಅಪಘಾತ ಅಂದುಕೊಳ್ಳಬೇಡಿ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ತೀರಿಕೊಂಡದ್ದು ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ.

ರಿಪೇರಿಗೆ ಆಂಪ್ ಬಿಚ್ಚಿದವರು ಮೊದಲು ಮಾಡಿದ್ದು ಡೆತ್ ಕ್ಯಾಪ್ ಕತ್ತರಿಸಿ ತೆಗೆದು, ಮೂರು ಪಿನ್ನಿನ ವೈರ್ ಹಾಕಿ, ಅರ್ಥ್ ಎಳೆಯನ್ನು ಚಾಸಿಗೆ ಬಿಗಿದದ್ದು. ಫಿಲ್ಟರ್ ಕೆಪಾಸಿಟರ್‌ಗಳೂ ಹುಟ್ಟಿದಾಗಿನವೇ, ಎರಡು ಉಬ್ಬಿ ಸೋರುತ್ತಿದ್ದವು. ಎಲ್ಲವನ್ನೂ ಬದಲಿಸಿದರು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲೆ 606 ಎಂದು ಶುರುವಾಗುವ ಶುಮಾಕರ್ ಕಂಪನಿಯ ಸಂಖ್ಯೆ ಇರಬೇಕಿತ್ತು, ನನ್ನದರ ಮೇಲೆ ಯಾವ ಸಂಖ್ಯೆಯೂ ಇಲ್ಲ. ಅಂದರೆ "ಬಿಚ್ಚಿಲ್ಲ" ಅನ್ನುವುದೂ ಸುಳ್ಳು. ಹಿಂದೆ ಯಾರೋ ಸ್ಪೀಕರ್ ಜೋಡಿಸದೆ ಆಂಪ್ ಹಚ್ಚಿ ಹಳೆಯದನ್ನು ಸುಟ್ಟಿರಬಹುದು ಅಂತ ಅವರ ಊಹೆ. ಟ್ಯೂಬ್ ಆಂಪ್ ಅನ್ನು ಸ್ಪೀಕರ್ ಇಲ್ಲದೆ ಯಾವತ್ತೂ ನುಡಿಸಬೇಡಿ.

ಒಳಗಿನ ಭಾಗ ಬದಲಿಸಿದರೆ ಒರಿಜಿನಾಲಿಟಿ ಹೋಗುತ್ತದೆ ಅನ್ನುವವರು ತುಂಬ ಜನ. ನಾನು ಒಪ್ಪುವುದಿಲ್ಲ. ಆ ಫಿಲ್ಟರ್ ಕೆಪಾಸಿಟರ್‌ಗಳಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಅಂದರೆ ಗಾಡಿಯ ಟೈರ್ ಇದ್ದ ಹಾಗೆ, ಸವೆದ ಮೇಲೆ ಬದಲಿಸಲೇಬೇಕು. ತೆಗೆದ ಭಾಗಗಳನ್ನು ಒಂದು ಚೀಲದಲ್ಲಿ ಹಾಕಿ ಆಂಪ್ ಜೊತೆಗೇ ಇಡಿ, ಕೂಡಿಡುವವರಿಗೆ ಅಷ್ಟು ಸಾಕು. ಆದರೆ ಈ ಕೆಲಸ ನೀವೇ ಮಾಡಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗೂ ಮೇಲೆ ನಿಂತಿರಬಹುದು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯಂತಹ 300 ವಾಟ್‌ನ ಆಂಪ್‌ಗಳಲ್ಲಿ ಅದು 700ರ ಹತ್ತಿರ. ಇನ್ನೊಂದು ಮಾತು, 120 ವೋಲ್ಟ್‌ಗೆ ಮಾಡಿದ ಆಂಪ್ ಅನ್ನು 230 ವೋಲ್ಟ್ ಇರುವಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನುಡಿಸುವವರು ಅದು ಆಟೋಟ್ರಾನ್ಸ್‌ಫಾರ್ಮರ್ ಹೌದೋ ಅಲ್ಲವೋ ನೋಡಿ. ಆಟೋಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಮೇನ್ಸ್‌ನಿಂದ ನಿಮ್ಮನ್ನು ಬೇರ್ಪಡಿಸುವುದಿಲ್ಲ.

ಮಾರಿದವರಿಗೆ ಫೋನ್ ಮಾಡಿದೆ. "ನಾನು ತಗೊಂಡಾಗಲೂ ಹಾಗೇ ಇತ್ತು" ಅಂದರು. ಇರಬಹುದು, ಅವರೂ ಮೋಸಹೋಗಿರಬಹುದು. ಆದರೆ ಸ್ಕ್ರೂ ಬಿಚ್ಚಬೇಡಿ ಅಂತ ತಡೆದವರು ಅವರೇ. ಜಾಹೀರಾತು ಅಳಿಸಿಹೋಗಿತ್ತು, ನಾನು ಅದರ ಪ್ರತಿ ಇಟ್ಟುಕೊಂಡಿರಲಿಲ್ಲ. "ಪೂರ್ತಿ ಒರಿಜಿನಲ್" ಅನ್ನುವುದು ಬಾಯಿಮಾತಾಗಿಯೇ ಉಳಿಯಿತು. ಈಗ ನಾನು ಯಾರ ಹತ್ತಿರವಾದರೂ ಮೊದಲು ಕೇಳುವುದು ಬರಹದಲ್ಲಿ: ಬಾಡಿ, ಬಣ್ಣ, ನೆಕ್, ಫ್ರೆಟ್, ಪಿಕಪ್, ಪಾಟ್, ಬ್ರಿಜ್, ಟ್ಯೂನರ್, ಒಂದೊಂದರ ಮುಂದೆಯೂ ಮೂಲದ್ದೋ ಬದಲಿಸಿದ್ದೋ ಅಂತ. ಜಾಹೀರಾತಿನ ಸ್ಕ್ರೀನ್‌ಶಾಟ್ ಅದೇ ಕ್ಷಣ ತೆಗೆದಿಡುತ್ತೇನೆ. ಆಮೇಲೆ ಅವರ ಮುಂದೆಯೇ, ಬೇಕಿದ್ದರೆ ಅವರ ಕೈಯಿಂದಲೇ, ಸ್ಕ್ರೂ ಬಿಚ್ಚಿಸುತ್ತೇನೆ. ಆಗಲ್ಲ ಅಂದರೆ ಎದ್ದು ಬರುತ್ತೇನೆ. ಹಾಗೆ ಎರಡು ಸಲ ಎದ್ದು ಬಂದಿದ್ದೇನೆ, ಎರಡು ಸಲವೂ ಮನಸ್ಸಿಗೆ ಕಷ್ಟವಾಯಿತು.

ಬೇಸ್ ಅನ್ನು ಮಾರಿಲ್ಲ. ಟ್ರಸ್ ರಾಡ್‌ನ ನಟ್ ಬದಲಿಸಿ, ಬಿಸಿ ಕೊಟ್ಟು ನೆಕ್ ನೇರ ಮಾಡಿಸಿ, ಹೊಸ ಫ್ರೆಟ್ ಹಾಕಿಸಿದೆ. ಈಗ ಇಪ್ಪತ್ತೂ ಫ್ರೆಟ್‌ಗಳಲ್ಲಿ ಸ್ವಚ್ಛವಾಗಿ ನುಡಿಯುತ್ತದೆ. ಆಂಪ್ ಹಚ್ಚಿದಾಗಲೆಲ್ಲ ಹಾಡುವ ಮುಂಚೆ ಮಲ್ಟಿಮೀಟರ್‌ನ ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಟ್ಟು ನೋಡುತ್ತೇನೆ. ಎಲ್ ನಂಬರಿನ ಪ್ಲೇಟ್ ತೆಗೆಸಿ, ನಂಬರಿಲ್ಲದ ಸಾದಾ ಪ್ಲೇಟ್ ಹಾಕಿಸಿದೆ. ಪಿಕ್‌ಗಾರ್ಡ್ ಅಡಿಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ, ಯಾವ ಭಾಗ ಯಾವ ಕಾಲದ್ದು, ಯಾವುದು ಗೊತ್ತಿಲ್ಲ ಅಂತ ಬರೆದು. ನನ್ನ ನಂತರ ಈ ಸ್ಕ್ರೂ ಬಿಚ್ಚುವವರಿಗೆ ಅದು ಸಿಗಲಿ.