ಎಚ್‌ಡಿಎಂಐ ಸ್ವಿಚ್, 4 ಇನ್ 2 ಔಟ್: ಎರಡು ಮಳೆಗಾಲ ಬಳಸಿದ ಮೇಲೆ

ಆಲ್ದೂರು ಹತ್ರ ತೋಟದಲ್ಲಿ ನಮ್ದೊಂದು ಸಣ್ಣ ಹೋಂಸ್ಟೇ. ಹಾಲ್‌ನಲ್ಲಿ 4ಕೆ ಟಿವಿ, ಜಗಲಿಲಿ ಹಳೇ ಫುಲ್ ಎಚ್‌ಡಿ ಪ್ರೊಜೆಕ್ಟರು, ಈ ಕಡೆ ಡಿಶ್ ಬಾಕ್ಸು, ಓಟಿಟಿ ಸ್ಟಿಕ್ಕು, ಗೆಸ್ಟ್‌ಗಳ ಲ್ಯಾಪ್‌ಟಾಪು, ಎಲ್ಲಾ ಈ ಒಂದೇ ಡಬ್ಬಿಗೆ.

ಮೊದಲ ತಿಂಗಳು ಬೈದಿದ್ದೇ ಬೈದಿದ್ದು. ಟಿವಿ ಒಂದೇ ಇದ್ರೆ 4ಕೆ ಬರೋದು, ಪ್ರೊಜೆಕ್ಟರ್ ಕೇಬಲ್ ಚುಚ್ಚಿದ ತಕ್ಷಣ ಟಿವಿನೂ 1080ಕ್ಕೆ, ಅಂದ್ರೆ ಫುಲ್ ಎಚ್‌ಡಿಗೆ, ಇಳಿಯೋದು. ಪೀಸೇ ಸರಿ ಇಲ್ಲ ಅಂತ ವಾಪಸ್ ಕಳ್ಸಕ್ಕೆ ಪ್ಯಾಕೂ ಮಾಡಿದ್ದೆ, ಅಷ್ಟರಲ್ಲಿ ಸೌಂಡ್ ಸಿಸ್ಟಮ್ ಕೆಲ್ಸ ಮಾಡೋ ನಮ್ಮ ಭಾವ ಬಂದು "ಇಡಿಐಡಿ ಬಟನ್ ಒತ್ತಿ ನೋಡಿದ್ಯೇನೋ ಮಾರಾಯ?" ಅಂದ್ರು.

ನಂಗೆಲ್ಲಿ ಗೊತ್ತು ಅದು! ಟಿವಿ ಒಳಗೆ ನಾನು ಯಾವ ರೆಸಲ್ಯೂಷನ್, ಎಷ್ಟು ಹರ್ಟ್ಸ್, ಯಾವ ಆಡಿಯೊ ತಗೋತೀನಿ ಅಂತ ಬರೆದಿರೋ ಒಂದು ಜಾತಕ ಇರತ್ತಂತೆ, ಅದೇ ಇಡಿಐಡಿ, ಸಾಮಾನ್ಯವಾಗಿ ಬರೀ 256 ಬೈಟು, ಲ್ಯಾಪ್‌ಟಾಪು ಅದನ್ನ ಓದ್ಕೊಂಡೇ ಸಿಗ್ನಲ್ ಬಿಡೋದು. ನಡುವೆ ಸ್ವಿಚ್ ಕೂತ್ರೆ ಎರಡು ಜಾತಕದಲ್ಲಿ ಯಾವ್ದು ತೋರಿಸ್ಬೇಕು? ನನ್ನ ಡಬ್ಬಿ ಇಬ್ರಿಗೂ ಆಗೋದನ್ನ ಮಾತ್ರ ತೋರಿಸ್ತಿತ್ತು. ಬಟನ್ ಒತ್ತಿ ಟಿವಿದೇ ಕಾಪಿ ಮಾಡಿದ್ರೆ ಟಿವಿಲಿ 4ಕೆ, ಪ್ರೊಜೆಕ್ಟರು ಕಪ್ಪು, ಯಾಕಂದ್ರೆ 4ಕೆನ 1080ಕ್ಕೆ ಇಳಿಸಿ ಕೊಡೋ ಡೌನ್‌ಸ್ಕೇಲರ್ ಇದ್ರಲ್ಲಿ ಇಲ್ಲ. ಕೊನೆಗೆ 1080ಕ್ಕೇ ಫಿಕ್ಸ್ ಮಾಡಿ ಸ್ಟಿಕ್ ಒಂದನ್ನ ನೇರ ಟಿವಿಗೆ ಹಾಕ್ದೆ. ಸ್ಟಿಕ್ಕಿನ 4ಕೆಗೆ ಎಚ್‌ಡಿಸಿಪಿ (ಕಾಪಿ ಮಾಡದ ಹಾಗೆ ಹಾಕೋ ಬೀಗ) 2.2 ಬೇಕು, ಪ್ರೊಜೆಕ್ಟರ್‌ದು 1.4, ಅದು ಹೇಗೂ ಒಪ್ತಿರ್ಲಿಲ್ಲ.

ದುಡ್ಡು ವಸೂಲಾಗಿದ್ದು ಮಳೆಗಾಲದಲ್ಲಿ. ನಮ್ಕಡೆ ಜುಲೈನಲ್ಲಿ ಕರೆಂಟು ಹೋಗೋದು ಬರೋದು ಲೆಕ್ಕ ಇಟ್ಟೋರಿಲ್ಲ. ಮುಂಚೆ ಇದ್ದ ಅಗ್ಗದ ಸ್ವಿಚ್ಚಿಗೆ ಜಾತಕ ನೆನಪಿಟ್ಕೊಳೋ ಮೆಮೊರಿ ಇರ್ಲಿಲ್ಲ, ಟಿವಿ ಏಳೋದು ತಡ ಆದ್ರೆ ಡಿಶ್ ಬಾಕ್ಸಿಗೆ ಜಾತಕನೇ ಸಿಗದೆ ಮಸುಕು ಚಿತ್ರ ಕೊಟ್ಕೊಂಡು ಕೂತಿರೋದು, ಆಮೇಲೆ ಟಾರ್ಚ್ ಹಿಡ್ಕೊಂಡು ಹಿಂದೆ ಹೋಗಿ ಕೇಬಲ್ ಕಿತ್ತು ಹಾಕ್ಬೇಕು. ಈ ಡಬ್ಬಿ ಟಿವಿ ಎದ್ದಿರ್ಲಿ ಬಿಡ್ಲಿ ತಾನೇ ಉತ್ರ ಕೊಡತ್ತೆ. ತಗೊಳೋರು ಇಡಿಐಡಿ ಮೆಮೊರಿ ಇದ್ಯಾ ಅಂತ ಕೇಳಿ, ರಿಮೋಟ್ ಗಿಮೋಟ್ ಎಲ್ಲಾ ಆಮೇಲೆ.

ಬೇಜಾರು ಒಂದೇ. ಇನ್‌ಪುಟ್ ಬದಲಾಯ್ಸಿದ್ರೆ ಮೂರ್ನಾಕು ಸೆಕೆಂಡ್ ಸ್ಕ್ರೀನ್ ಕಪ್ಪಾಗತ್ತೆ, ಬಾಕ್ಸಿಗೂ ಟಿವಿಗೂ ಮಾತುಕತೆ ಹೊಸದಾಗಿ ಆಗ್ಬೇಕಲ್ಲ, ಅಷ್ಟರಲ್ಲಿ ಗೆಸ್ಟ್‌ಗಳು ಬರ್ಲಿಲ್ಲ ಅಂತ ಮತ್ತೆ ಮತ್ತೆ ಒತ್ತಿ ಮೊದಲಿಂದ ಶುರು ಮಾಡಿಸ್ತಾರೆ. "ಒಂದ್ಸಲ ಒತ್ತಿ, ಐದು ಎಣ್ಸಿ" ಅಂತ ಚೀಟಿ ಅಂಟಿಸಿದೀನಿ, ಯಾರೂ ಎಣ್ಸಲ್ಲ.